ಉರಿಯದ ಗಾಯ

ಸುಟ್ಟ ಗಾಯದ ಕೋಣೆಗೆ ಹೊಸದಾಗಿ ಬಂದ ನರ್ಸ್ ಹುಡುಗಿಯರು ನನ್ನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಈ ವಾಸನಿ ನಿಮಗ ರೂಢಿ ಆಗಾಕ ಎಷ್ಟು ದಿನ ಬೇಕಾತ್ರಿ ಅಕ್ಕಾರ?" ನನ್ನ ಉತ್ತರವೂ ಒಂದೇ. ರೂಢಿ ಆಗಲೇ ಇಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಸೆರಗಿನಲ್ಲಿ ಅದೇ ವಾಸನೆ ಉಳಿದಿದೆ ಅನ್ನಿಸಿ ಆ ಸೀರೆಯನ್ನು ಮತ್ತೆ ಮತ್ತೆ ಒಗೆದೆ. ಆದರೆ ಕೆಲಸಕ್ಕೆ ಸೇರಿದ ಕೆಲವು ತಿಂಗಳಲ್ಲಿ ಗಾಯವನ್ನು ಓದುವ ಕುತೂಹಲ ಹುಟ್ಟಿತು. ಕುತೂಹಲ ಹುಟ್ಟಿದ ಮೇಲೆ ಮೂಗು ತನ್ನ ಪಾಡಿಗೆ ತಾನು ಸುಮ್ಮನಾಯಿತು.

ನಮ್ಮ ಓಣಿಯ ಹುಡುಗಿಯೊಬ್ಬಳು ಈಚೆಗೆ ಸ್ಟಾಫ್ ನರ್ಸ್ ಆದಳು. "ಅಕ್ಕಾರ, ನೀವು ಬಾಯಿಲೆ ಹೇಳಿದ್ದು ನಾ ಮರತ ಬಿಡ್ತೇನಿ, ಬರದ ಕೊಡ್ರಿ" ಎಂದು ಗಂಟುಬಿದ್ದಳು. ಅವಳಿಗಾಗಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾವ ಆರ್ಡರಿನ ಮೇಲೆ ಎಲ್ಲಿಗೆ ಹೋದೆ ಎಂಬುದನ್ನೆಲ್ಲ ಬರೆದರೆ ನನಗೇ ನಿದ್ದೆ ಬಂದೀತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳ ದವಾಖಾನೆಗಳಲ್ಲಿ ನನ್ನ ಕೆಲಸದ ಒಳ್ಳೆಯ ವರ್ಷಗಳು ಕಳೆದವು ಎಂದರೆ ಸಾಕು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹಾವೇರಿಯಲ್ಲಿ ನನ್ನನ್ನು ಸುಟ್ಟ ಗಾಯದ ಕೋಣೆಗೆ ಹಾಕಿದರು. ಅಲ್ಲಿಯ ಹಿರಿಯರು ಶಾರದಾ ಸಿಸ್ಟರ್. ಅವರು ನಕ್ಕರೆ ವರಾಂಡದಲ್ಲಿ ಕೂತವರಿಗೆ ಕೇಳುತ್ತಿತ್ತು, ಬೈದರೆ ಗೇಟಿನ ಆಚೆ ಎಳನೀರು ಮಾರುವವನಿಗೂ ಕೇಳುತ್ತಿತ್ತು. ಮೊದಲ ದಿನವೇ ಸುಟ್ಟ ಗಾಯಗಳಲ್ಲಿ ಎಷ್ಟು ಬಗೆ ಎಂದು ಕೇಳಿದರು. ನಾನು ಫಸ್ಟ್ ಡಿಗ್ರಿ, ಸೆಕೆಂಡ್ ಡಿಗ್ರಿ, ಥರ್ಡ್ ಡಿಗ್ರಿ ಎಂದು ಶಾಲೆಯ ಮಗ್ಗಿಯ ಹಾಗೆ ಒಪ್ಪಿಸಿದೆ.

"ಪಾಠ ಛಲೋ ಐತಿ," ಎಂದರು ಶಾರದಾ ಸಿಸ್ಟರ್. "ರೊಟ್ಟಿ ಬಡಿಯಾಕ ಬರತೈತೇನು?"

ನನಗೆ ಸಿಟ್ಟು ಬಂತು. ದವಾಖಾನೆಗೂ ರೊಟ್ಟಿಗೂ ಏನು ಸಂಬಂಧ ಎಂದುಕೊಳ್ಳುತ್ತಲೇ "ಬರತೈತ್ರಿ" ಎಂದೆ.

"ಹಂಗಾದ್ರ ತಿಳಕೋ. ಹಂಚಿನ ಮ್ಯಾಲ ರೊಟ್ಟಿ ಹಾಕಿದಿ ಅಂದ್ರ ಮೊದಲ ಬಣ್ಣ ಬರತೈತಿ. ಅದು ನಿನ್ನ ಫಸ್ಟ್ ಡಿಗ್ರಿ. ಆಮ್ಯಾಲ ಉಬ್ಬತೈತಿ. ಅದು ಸೆಕೆಂಡ್. ತಗಿಯೂದು ಮರತಿ ಅಂದ್ರ ಕಟಕ್ ಆಗತೈತಿ, ಮಡಚಾಕ ಬರಂಗಿಲ್ಲ. ಅದು ಥರ್ಡ್. ಇಷ್ಟ ನೋಡು ಪುಸ್ತಕ."

ಇವತ್ತಿಗೂ ಇದಕ್ಕಿಂತ ಸುಲಭವಾಗಿ ಹೇಳುವುದು ನನಗೆ ತಿಳಿದಿಲ್ಲ. ಮೊದಲನೆಯದರಲ್ಲಿ ಚರ್ಮದ ಮೇಲ್ಪದರ ಮಾತ್ರ ಸುಟ್ಟಿರುತ್ತದೆ. ಕೆಂಪಾಗುತ್ತದೆ, ಮುಟ್ಟಿದರೆ ಚುರುಚುರು ಎನ್ನುತ್ತದೆ, ಗುಳ್ಳೆ ಏಳುವುದಿಲ್ಲ. ಕೆಲವೇ ದಿನಗಳಲ್ಲಿ ಸಿಪ್ಪೆ ಸುಲಿದು ಹೋಗುತ್ತದೆ, ಕಲೆ ಉಳಿಯುವುದಿಲ್ಲ. ಎರಡನೆಯದರಲ್ಲಿ ಸುಡುವಿಕೆ ಕೆಳಗಿನ ಪದರಕ್ಕೂ ಇಳಿದು ನೀರು ತುಂಬಿದ ಗುಳ್ಳೆಗಳು ಏಳುತ್ತವೆ. ಗುಳ್ಳೆಯ ಅಡಿಯಲ್ಲಿ ಚರ್ಮ ಒದ್ದೆಯಾಗಿ, ಗುಲಾಬಿ ಬಣ್ಣಕ್ಕಿರುತ್ತದೆ. ನೋವಿನಲ್ಲಿ ಇದೇ ಎಲ್ಲಕ್ಕಿಂತ ಜೋರು. ಗಾಳಿ ತಾಗಿದರೂ ರೋಗಿ ಕಿರುಚುತ್ತಾನೆ. ಮೂರನೆಯದರಲ್ಲಿ ಚರ್ಮ ಪೂರ್ತಿ ಸತ್ತಿರುತ್ತದೆ. ಬಿಳಿ, ಕಂದು ಇಲ್ಲವೆ ಕಪ್ಪು ಬಣ್ಣಕ್ಕೆ ತಿರುಗಿ ಒಣಗಿ ಬಿರುಸಾಗಿರುತ್ತದೆ. ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳೂ ಸುಟ್ಟುಹೋಗಿರುವುದರಿಂದ ಅಲ್ಲಿ ನೋವೇ ಇರುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಶಾರದಾ ಸಿಸ್ಟರ್ ತಲೆಗೆ ತುಂಬಿದರು. ಅಗಲ ಬೇರೆ, ಆಳ ಬೇರೆ. ಎಷ್ಟು ಜಾಗ ಸುಟ್ಟಿದೆ ಎಂದು ಅಳೆಯಲು ರೋಗಿಯ ಅಂಗೈಯೇ ಅಳತೆ. ಬೆರಳುಗಳೂ ಸೇರಿದ ಅವನ ಅಂಗೈಯಗಲ ಎಂದರೆ ಅವನ ಮೈಯ ಚರ್ಮದಲ್ಲಿ ನೂರಕ್ಕೆ ಒಂದು ಪಾಲು. ಆಳಕ್ಕೆ ಅಂಥ ಅಳತೆ ಇಲ್ಲ. ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಒತ್ತಬೇಕು, ಸೂಜಿಯ ಮೊನೆ ತಾಗಿಸಿ ಕೇಳಬೇಕು. ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ಒಳಗೆ ರಕ್ತ ಓಡಾಡುತ್ತಿದೆ ಎಂದು ಸಮಾಧಾನ ಪಡಬಹುದು. ಅಷ್ಟು ಮಾಡಿದರೂ ಮೊದಲ ದಿನದ ತೀರ್ಪು ಪಕ್ಕಾ ಅಲ್ಲ. ಇವತ್ತು ಎರಡನೆಯದು ಎಂದುಕೊಂಡ ಗಾಯ ಎರಡು ಮೂರು ದಿನಗಳಲ್ಲಿ ಇನ್ನೂ ಆಳಕ್ಕೆ ಇಳಿದಿರಬಹುದು.

ಗಾಯ ನೋಡುವ ಮೊದಲು ಅದರ ಮೇಲೆ ಹಚ್ಚಿಕೊಂಡು ಬಂದದ್ದನ್ನು ತೊಳೆಯಬೇಕಿತ್ತು. ಆಗೆಲ್ಲ ಅರ್ಧ ಕೆಲಸ ಅದೇ. ದೋಸೆ ಹಿಟ್ಟು, ಬೆಣ್ಣೆ, ಅರಿಶಿನ, ಪೆನ್ನಿನ ಮಸಿ, ಹಲ್ಲುಜ್ಜುವ ಪೇಸ್ಟು, ಹೀಗೆ ಮನೆಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಗಾಯಕ್ಕೆ ಔಷಧಿ. ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ಕರಿಯುತ್ತಿದ್ದವನೊಬ್ಬ ಮೊಣಕೈವರೆಗೆ ಬೆಳ್ಳಗೆ ಪೇಸ್ಟು ಬಳಿದುಕೊಂಡು ಬಂದ. ದೂರದಿಂದ ಪ್ಲಾಸ್ಟರ್ ಹಾಕಿಸಿಕೊಂಡವನ ಹಾಗೆ ಕಂಡ. ತೊಳೆಯುತ್ತ ತೊಳೆಯುತ್ತ ಶಾರದಾ ಸಿಸ್ಟರ್ "ಹಲ್ಲು ಯಾವುದರಲೆ ತಿಕ್ಕೊಂಡಿಯಪಾ ಇವತ್ತ?" ಎಂದು ಕೇಳಿದರು. ಅಷ್ಟು ನೋವಿನಲ್ಲೂ ಅವನಿಗೆ ನಗು ಬಂತು. "ಇನ್ನಽ ತಿಕ್ಕಿಲ್ರಿ, ಎಲ್ಲಾ ಕೈಗ ಹಚ್ಚೇನಿ" ಎಂದ. ಸುಟ್ಟ ಕೂಡಲೇ ತಣ್ಣೀರಿನ ನಳದ ಕೆಳಗೆ ಕೈ ಹಿಡಿಯಬೇಕು, ಬೇರೆ ಏನನ್ನೂ ಹಚ್ಚಬಾರದು ಎಂದು ಊರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಅದೇ ವರ್ಷಗಳಲ್ಲಿ ಬೈಕುಗಳು ಹೆಚ್ಚಾದವು, ಬೈಕಿನ ಜತೆಗೆ ಸೈಲೆನ್ಸರಿನ ಗಾಯ ಬಂತು. ಕರ್ಜಗಿ ಕಡೆಯಿಂದ ಒಂದು ಬೈಕಿನ ಮೇಲೆ ಮೂವರು ಬರುವರು, ಹಿಂದೆ ಕೂತವನಿಗೆ ಕಾಲಿಡಲು ಜಾಗವಿರದು. ಬಲಗಾಲಿನ ಮೀನಖಂಡದ ಒಳಬದಿಯಲ್ಲಿ ಎಲೆಯಾಕಾರದ ಗಾಯ ಕಂಡರೆ ನಾವು ಕಾರಣ ಕೇಳುವುದನ್ನೇ ಬಿಟ್ಟಿದ್ದೆವು. ನೋಡಲು ಸಣ್ಣದು, ಆದರೆ ಕಾದ ಲೋಹ ಅಂಟಿಕೊಂಡು ಸುಟ್ಟದ್ದರಿಂದ ಹಲವು ಸಲ ಆಳವಾಗಿರುತ್ತಿತ್ತು, ಗುಣವಾಗಲು ತಿಂಗಳು ಹಿಡಿಯುತ್ತಿತ್ತು.

ಸ್ಟೋವ್ ಸಿಡಿಯಿತು ಎಂದು ಬರೆಸಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಹೆಣ್ಣುಮಕ್ಕಳೂ ಆ ಕೋಣೆಯಲ್ಲಿದ್ದರು. ಅವರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವರನ್ನು ಮರೆತಿಲ್ಲ. ಅವರ ಹಾಸಿಗೆಯ ಬಳಿ ಕೂತಾಗ ಡಿಗ್ರಿಯ ಲೆಕ್ಕವನ್ನು ಬದಿಗಿಟ್ಟುಬಿಡುತ್ತಿದ್ದೆ. ಹೊಸ ಹುಡುಗಿಯರಿಗೆ ಹೇಳುವುದಿಷ್ಟೆ: ಅಂಥವರು ಮಾತಾಡಲು ಬಾಯಿ ತೆರೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ.

ಕೆಲವು ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ಕಲಿತ ಒಬ್ಬ ಎಳೆಯ ಡಾಕ್ಟರು ಬಂದರು. ಇನ್ನು ಮುಂದೆ ಡಿಗ್ರಿ ಅನ್ನಬೇಡಿ, ಚರ್ಮದ ಎಷ್ಟು ದಪ್ಪ ಸುಟ್ಟಿದೆ ಎಂದು ಬರೆಯಿರಿ ಎಂದರು. ಮೇಲ್ಪದರ, ಅರೆ ದಪ್ಪ, ಪೂರ್ತಿ ದಪ್ಪ. ಅರೆ ದಪ್ಪದಲ್ಲಿ ಮತ್ತೆ ಎರಡು, ಮೇಲ್ಮಟ್ಟದ್ದು ಮತ್ತು ಆಳದ್ದು. ಶಾರದಾ ಸಿಸ್ಟರಿಗೆ ಇದು ಹಿಡಿಸಲಿಲ್ಲ. "ಹೆಸರು ಬದಲಿ ಮಾಡಿದ್ರ ಗಾಯ ಬದಲಿ ಆಗತೈತೇನ್ರಿ ಡಾಕ್ಟರ?" ಎಂದು ಕೇಳಿಯೇಬಿಟ್ಟರು. ಡಾಕ್ಟರು ಬೇಸರಿಸಲಿಲ್ಲ. "ಆಗಂಗಿಲ್ರಿ ಸಿಸ್ಟರ್. ಆದ್ರ ನಿಮ್ಮ ಸೆಕೆಂಡ್ ಡಿಗ್ರಿಯೊಳಗ ಒಂದು ತಾನ ಮಾಯತೈತಿ, ಇನ್ನೊಂದು ಬ್ಯಾರೆ ಚರ್ಮ ಬೇಡತೈತಿ. ಎರಡಕ್ಕೂ ಒಂದ ಹೆಸರು ಇಟ್ರ ನಾವು ಕಾಕೋತ ಕುಂಡರತೇವಿ" ಎಂದರು. ಸಿಸ್ಟರ್ "ಅದು ಖರೇ" ಎಂದರು. ಮರುದಿನದಿಂದ ಅವರೇ ಹೊಸ ಹೆಸರುಗಳನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದರು, ರೊಟ್ಟಿಯನ್ನು ಮಾತ್ರ ಬಿಡಲಿಲ್ಲ.

ಆಮೇಲೆ ನನಗೆ ಬ್ಯಾಡಗಿಗೆ ವರ್ಗವಾಯಿತು.

ಬ್ಯಾಡಗಿಯ ಮೆಣಸಿನಕಾಯಿ ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ಮೂಗಿಗೆ ಬಡಿಯುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಊರಿಗೆ ಊರೇ ಸೀನುತ್ತಿರುತ್ತದೆ. ಮೆಣಸಿನಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಎನ್ನುತ್ತಾರೆ. ರಾಶಿಯ ಮುಂದೆ ಸಾಲಾಗಿ ಕೂತು ದಿನವಿಡೀ ತುಂಬು ಬಿಡಿಸುವ ಹೆಂಗಸರೇ ನಮ್ಮ ದವಾಖಾನೆಗೆ ಬರುವವರಲ್ಲಿ ಹೆಚ್ಚು. ಅವರ ಕೈ ಬೆಳಗಿನಿಂದ ಸಂಜೆವರೆಗೆ ಉರಿಯುತ್ತದೆ. ಸಾಲಿನ ನಡುವೆ ಒಂದು ಡಬ್ಬಿಯಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಇರುತ್ತದೆ, ಉರಿ ತಡೆಯಲಾಗದಾಗ ಅದನ್ನು ಹಚ್ಚಿಕೊಂಡು ಮತ್ತೆ ಕೆಲಸಕ್ಕೆ ಕೈಹಾಕುತ್ತಾರೆ.

ಹೀಗಾಗಿ ಅವರಿಗೆ ಉರಿಯ ಅಳತೆ ಎಂದರೆ ಮೆಣಸಿನಕಾಯಿ. ಯಾವ ಗಾಯವಾದರೂ ನಾನು "ಹೆಂಗೈತವ್ವ ಉರಿ?" ಎಂದು ಕೇಳಿದರೆ "ಮೆಣಸಿನಕಾಯಿಗಿಂತ ಜೋರೈತ್ರಿ" ಅಥವಾ "ಮೆಣಸಿನಕಾಯಿಗಿಂತ ಕಡಿಮಿ ಐತ್ರಿ" ಎನ್ನುವರು. ಜೋರಿದ್ದರೆ ದವಾಖಾನೆ, ಕಡಿಮೆಯಿದ್ದರೆ ಮನೆ. ಮೊದಮೊದಲು ನನಗೆ ಈ ಲೆಕ್ಕ ಬಹಳ ಇಷ್ಟವಾಯಿತು. ಸಣ್ಣಪುಟ್ಟದ್ದಕ್ಕೆ ಅದು ತಪ್ಪುತ್ತಲೂ ಇರಲಿಲ್ಲ. ಅದು ಎಲ್ಲಿ ತಪ್ಪುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಫಕ್ಕೀರವ್ವ.

ಸುಗ್ಗಿ ಜೋರಾಗಿದ್ದ ಒಂದು ಬೆಳಿಗ್ಗೆ ರಸ್ತೆಯಿಂದಲೇ ಒಂದು ಹುಡುಗಿಯ ಚೀರಾಟ ಕೇಳಿಸಿತು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹುಡುಗಿಯನ್ನು ಎತ್ತಿಕೊಂಡು ಒಳಗೆ ಬಂದಳು. ಅವಳೇ ಫಕ್ಕೀರವ್ವ. ಹುಡುಗಿ ಅವಳ ಅಣ್ಣನ ಮಗಳು ರೇಣುಕಾ. ಸ್ನಾನದ ಬಿಸಿನೀರು ಚೆಲ್ಲಿ ಹುಡುಗಿಯ ಮುಂಗೈ ಸುಟ್ಟಿತ್ತು. ಗುಳ್ಳೆಗಳು ಆಗಲೇ ಎದ್ದಿದ್ದವು. ನಾನು ಇಬ್ಬರನ್ನೂ ನಳದ ಹತ್ತಿರ ಎಳೆದುಕೊಂಡು ಹೋಗಿ, ಹುಡುಗಿಯ ಕೈಯನ್ನು ನೀರಿನ ಕೆಳಗೆ ಹಿಡಿಯುವಂತೆ ಫಕ್ಕೀರವ್ವನಿಗೆ ಹೇಳಿದೆ. ಅವಳು ಹಿಡಿದಳು. ಅವಳ ಬಲಗೈಗೆ ಅರಿಶಿನ ಹತ್ತಿದ ಹಳೆಯ ಬಟ್ಟೆಯೊಂದು ಸುತ್ತಿತ್ತು. ನೀರಿಗೆ ನೆನೆದು ಆ ಬಟ್ಟೆ ಜಾರಿ ಬಿತ್ತು.

ಹೆಬ್ಬೆರಳಿನ ಬುಡದಿಂದ ತೋರುಬೆರಳಿನ ಗೆಣ್ಣಿನವರೆಗೆ, ಹಿಂಗೈಯ ಚರ್ಮ ಚಪ್ಪಲಿಯ ತೊಗಲಿನ ಹಾಗೆ ಕಂದಾಗಿ ಒಣಗಿತ್ತು. ಅಲ್ಲಲ್ಲಿ ನೈಲಾನಿನ ಕೆಂಪು ಚೂರುಗಳು ಕರಗಿ ಅಂಟಿಕೊಂಡಿದ್ದವು.

"ಇದೇನವ್ವ ಕೈಗೆ?"

"ಏ, ಅದೇನಿಲ್ರಿ ಅಕ್ಕಾರ. ಮೊನ್ನೆ ಒಲಿ ಮ್ಯಾಲಿನ ಬೋಗಾಣಿ ಇಳಸೂ ಮುಂದ ಸೆರಗ ಹಿಡಿಕಿ ಮಾಡ್ಕೊಂಡಿದ್ನಿ, ಬೆಂಕಿ ಹತ್ತಿ ಕೈಗೆ ಮೆತ್ತಿಕೊಂತು. ನೀವು ಈ ಹುಡುಗೀನ ನೋಡ್ರಿ ಮೊದಲ."

"ಉರಿತೈತೇನು?"

"ಸುತ್ತೂಕಡೆ ಒಂಚೂರು ಐತ್ರಿ. ನಡುವ ಏನೇನೂ ಇಲ್ಲ. ಅದ ಕೈಲೆ ತುಂಬು ಬಿಡಸಾಕತ್ತೇನಲ್ರಿ, ಮೆಣಸಿನಕಾಯಿ ಸೈತ ಅಲ್ಲಿ ಹತ್ತವಲ್ದು." ಇಷ್ಟು ಹೇಳಿ ಅವಳು ನಕ್ಕಳು. "ನಮ್ಮ ಸಾಲಿನ ಹೆಂಗಸರು ಅಂತಾರು, ಫಕ್ಕೀರವ್ವಗ ದೇವರ ಗ್ಲೌಜ್ ಹಾಕಿ ಕಳಿಸ್ಯಾನ ಅಂತ."

ನೋಡಿ, ಇಂಥ ತಪ್ಪು ಬ್ಯಾಡಗಿಯವರೇ ಮಾಡಬೇಕು. ಬೇರೆ ಊರಿನವರು ಸುಟ್ಟ ಕೈಯನ್ನು ಮೆಣಸಿನಕಾಯಿಯ ಹತ್ತಿರವೂ ತರುವುದಿಲ್ಲ. ಇವಳು ತಂದಳು, ಉರಿಯಲಿಲ್ಲ, ಹಾಗಾಗಿ ಗಾಯ ಸಣ್ಣದು ಎಂದು ಇಡೀ ಸಾಲು ಸೇರಿ ತೀರ್ಮಾನ ಮಾಡಿತ್ತು. ಅವರ ಲೆಕ್ಕದಲ್ಲಿ ಒಂದೇ ಒಂದು ಕೊರತೆ. ಉರಿಯನ್ನು ಅರಿಯುವ ಚರ್ಮವೇ ಸತ್ತಿದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಅಲ್ಲಿ ನಮ್ಮ ಡಾಕ್ಟರು ಹೊಸರಿತ್ತಿಯ ಗುರುಕುಲದಲ್ಲಿ ಶಾಲೆ ಕಲಿತವರು. ಉಂಡ ತಟ್ಟೆಯನ್ನು ತಾವೇ ತೊಳೆಯುವ ಅಲ್ಲಿಯ ಅಭ್ಯಾಸವನ್ನು ದವಾಖಾನೆಗೂ ತಂದಿದ್ದರು, ತಾವು ಬಳಸಿದ ಟ್ರೇಯನ್ನು ತಾವೇ ತೊಳೆದಿಡುತ್ತಿದ್ದರು. ದನಿ ಎತ್ತರಿಸಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ರೇಣುಕಾಳ ಗಾಯ ನೋಡಿ, ಮೇಲ್ಮಟ್ಟದ ಅರೆ ದಪ್ಪದ್ದು, ತಾನೇ ಮಾಯುತ್ತದೆ ಎಂದರು. ಆಮೇಲೆ ಫಕ್ಕೀರವ್ವನ ಕೈ ಹಿಡಿದು ತಿರುಗಿಸಿ ನೋಡಿದರು. ಬೆರಳಿನಿಂದ ಒತ್ತಿದರು. ಬಣ್ಣ ಬದಲಾಗಲಿಲ್ಲ.

"ಕಣ್ಣು ಮುಚ್ಚವಾ. ಸೂಜಿ ತಾಗಿಸತೇನಿ. ತಾಗಿದಾಗ ಹಾಂ ಅನ್ನು."

ಅಂಚಿನಲ್ಲಿ ತಾಗಿಸಿದಾಗ ಹಾಂ ಎಂದಳು. ನಡುವೆ ಒಂದೆರಡು ಕಡೆ ಚುಚ್ಚಿದರು, ಅವಳು ಸುಮ್ಮನೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ "ಶುರು ಮಾಡ್ರಲ್ಲ ಸಾಹೇಬ್ರ" ಎಂದಳು.

"ಚುಚ್ಚೂದು ಮುಗೀತವಾ" ಎಂದರು ಡಾಕ್ಟರು.

ಪೂರ್ತಿ ದಪ್ಪ ಸುಟ್ಟ ಚರ್ಮ. ಅಲ್ಲಿ ಹೊಸ ಚರ್ಮ ತಾನಾಗಿ ಹುಟ್ಟುವುದಿಲ್ಲ. ಹಾಗೇ ಬಿಟ್ಟರೆ ಅಂಚುಗಳು ಒಳಗೆ ಎಳೆದುಕೊಂಡು ಗಾಯ ಮುಚ್ಚುತ್ತದೆ, ಮುಚ್ಚುವಾಗ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಬಿಗಿದುಬಿಡುತ್ತದೆ. ಆಮೇಲೆ ಅವು ಬಿಚ್ಚಿಕೊಳ್ಳುವುದಿಲ್ಲ. ತುಂಬು ಬಿಡಿಸುವುದು ಆ ಎರಡು ಬೆರಳುಗಳ ಕೆಲಸ, ರೊಟ್ಟಿ ಬಡಿಯುವುದಂತೂ ಬಿಚ್ಚಿದ ಕೈಯ ಕೆಲಸ. ಹುಬ್ಬಳ್ಳಿಗೆ ಹೋಗಿ ಸತ್ತ ಚರ್ಮ ತೆಗೆಸಿ, ತೊಡೆಯಿಂದ ತೆಳುವಾಗಿ ಚರ್ಮ ತೆಗೆದು ಅಲ್ಲಿ ಕೂರಿಸಿಕೊಳ್ಳಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು.

ಫಕ್ಕೀರವ್ವ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಸುಗ್ಗಿಯಾಗ ಎಲ್ಲಿ ಹುಬ್ಬಳ್ಳಿ ಬಿಡ್ರಿ. ನೋಯಲಾರದ ಕೈ ಕೊಯಿಸಿಕೊಳ್ಳಾಕ ನನಗೇನು ಹುಚ್ಚೇನ್ರಿ?"

ಅಷ್ಟರಲ್ಲಿ ಅವಳ ಗಂಡ ಬಸಪ್ಪ ಓಡುತ್ತ ಬಂದ. ಅವನು ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ, ತಲೆಗೆ ಹೊದ್ದ ಚೀಲವನ್ನೂ ತೆಗೆದಿರಲಿಲ್ಲ. ಅವನು ಹುಡುಗಿಯ ಸಲುವಾಗಿ ಬಂದಿದ್ದ, ಹೆಂಡತಿಯ ಕೈಯ ಮಾತು ಕೇಳಿ ಪೆಚ್ಚಾದ. "ಕೈ ಉಳೀತೈತೇನ್ರಿ ಸಾಹೇಬ್ರ?" ಎಂದು ಕೇಳಿದ.

"ಈಗ ಹೋದ್ರ ಉಳೀತೈತಿ" ಎಂದರು ಡಾಕ್ಟರು.

ಇಲ್ಲಿ ನಾನು ಜಾಣತನ ತೋರಿಸಲು ಹೋದೆ. ಫಕ್ಕೀರವ್ವನ ಉಡಿಯಲ್ಲಿ ಸಿಕ್ಕಿಕೊಂಡಿದ್ದ ಮೆಣಸಿನಕಾಯಿಯೊಂದನ್ನು ತೆಗೆದು ಅವಳ ಮುಂದೆ ಹಿಡಿದು "ಈ ಕೈಲೆ ತುಂಬು ಬಿಡಿಸಿ ತೋರಿಸು ನೋಡೂಣು" ಎಂದೆ. ಬೆರಳು ಬಿಗಿದಿದೆ ಎಂದು ಅವಳಿಗೇ ತಿಳಿಯಲಿ ಎಂಬುದು ನನ್ನ ಎಣಿಕೆ. ಅವಳು ಮೆಣಸಿನಕಾಯಿ ತೆಗೆದುಕೊಂಡು ಟಪ್ಪನೆ ತುಂಬು ಮುರಿದು, ಎರಡನ್ನೂ ನನ್ನ ಅಂಗೈಯಲ್ಲಿಟ್ಟಳು. "ಇನ್ನೊಂದು ಕೊಡ್ರಿ" ಎಂದಳು. ಬಸಪ್ಪನಿಗೂ ನಗು ಬಂತು. ಅಳುತ್ತಿದ್ದ ರೇಣುಕಾ ಕೂಡ ಕ್ಷಣ ಸುಮ್ಮನಾಗಿ ನೋಡಿದಳು.

ನಾನು ಸಿಟ್ಟಿನ ಹೆಂಗಸು, ಇದು ನನ್ನ ಜತೆ ಕೆಲಸ ಮಾಡಿದವರಿಗೆಲ್ಲ ಗೊತ್ತು. "ಇವತ್ತು ಬರತೈತವ್ವ. ಮುಂದಿನ ಸುಗ್ಗಿಯೊಳಗ ಬರಂಗಿಲ್ಲ. ಆವಾಗ ನನ್ನ ಮುಂದ ಬಂದು ಅಳಬ್ಯಾಡ" ಎಂದು ಒದರಿದೆ. ಅವಳ ಮುಖ ಬಿಗಿಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು "ಸಿಸ್ಟರ್, ಹೆದರಿಸಿದ್ರ ಆಕಿ ಡ್ರೆಸಿಂಗಿಗೂ ಬರಂಗಿಲ್ಲ. ಹುಡುಗಿ ಜೋಡಿ ಬರಲಿ, ಇಬ್ಬರದೂ ಒಮ್ಮೆ ಮಾಡ್ರಿ. ಆಕಿ ಬರೂದು ಬಿಡಬಾರದು, ಅಷ್ಟ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ, ಆದರೂ ಅವರು ಹೇಳಿದಂತೆ ಮಾಡಿದೆ. ದಿನ ಹೋದಂತೆ ಆ ಕೈಯಲ್ಲಿ ಕೀವಾದರೆ ಎಂಬ ಭಯ ನನ್ನನ್ನು ಮನೆಯಲ್ಲೂ ಬಿಡಲಿಲ್ಲ.

ಸೋದರತ್ತೆ, ಸೋದರಸೊಸೆ ಇಬ್ಬರೂ ದಿನ ಬಿಟ್ಟು ದಿನ ಬಂದರು. ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂರುವರು. ಮೊದಲು ರೇಣುಕಾಳ ಬಟ್ಟೆ ಬಿಚ್ಚುವೆ, ಅವಳು ಛಾವಣಿ ಹಾರಿಹೋಗುವಂತೆ ಚೀರುವಳು. ಫಕ್ಕೀರವ್ವ ಅವಳ ಗಮನ ಬೇರೆ ಕಡೆ ಸೆಳೆಯಲು ನನ್ನನ್ನು ಅಣಕಿಸುವಳು, ನನ್ನ ಕನ್ನಡಕ, ನನ್ನ ನಡಿಗೆ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಅವಳ ಸರದಿ. ಬಿಳಿ ಮುಲಾಮು ಹಚ್ಚಿ ಕಟ್ಟುವೆ. ಅವಳು ಕಿಟಕಿಯಾಚೆ ನೋಡುತ್ತ ಕೂರುವಳು. ಯಾರ ಕೈಗೋ ಕಟ್ಟುತ್ತಿದ್ದೇನೆ ಎನ್ನುವ ಹಾಗೆ.

ವಾರ ಕಳೆಯುವುದರಲ್ಲಿ ರೇಣುಕಾಳ ಚೀರಾಟ ನರಳಾಟಕ್ಕೆ ಇಳಿಯಿತು. ಗಾಯದ ಮೇಲೆ ತೆಳ್ಳಗೆ ಹೊಳೆಯುವ ಹೊಸ ಚರ್ಮ ಅಲ್ಲಲ್ಲಿ ಮೂಡಿ, ಒಂದಕ್ಕೊಂದು ಕೂಡಿಕೊಳ್ಳುತ್ತ ಬಂತು. ಎರಡನೆಯ ವಾರದ ಕೊನೆಗೆ ಬಟ್ಟೆ ಕಟ್ಟುವ ಅಗತ್ಯವೇ ಉಳಿಯಲಿಲ್ಲ. ಹುಡುಗಿ ಬೆಂಚಿನಿಂದ ಜಿಗಿದು ಅಂಗಳಕ್ಕೆ ಓಡಿದಳು.

ಫಕ್ಕೀರವ್ವ ಅವಳನ್ನು ಕೂಗಿ ಕರೆದಳು. ಅವಳ ಗುಲಾಬಿ ಬಣ್ಣದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಬಿಚ್ಚಿದ್ದ ತನ್ನ ಕೈಯನ್ನು ಪಕ್ಕಕ್ಕಿಟ್ಟಳು. ಕಂದು ತೊಗಲು ಹಾಗೇ ಇತ್ತು, ಅಂಚಿನಲ್ಲಿ ಮಾತ್ರ ಬಿಟ್ಟುಕೊಳ್ಳಲು ಶುರುವಾಗಿತ್ತು. ಬಹಳ ಹೊತ್ತು ಎರಡನ್ನೂ ನೋಡಿದಳು.

"ಅಕ್ಕಾರ, ಈಕಿದು ನನಗಿಂತ ಆಮ್ಯಾಲ ಸುಟ್ಟಿದ್ದು. ಹೌದಲ್ಲರಿ?"

"ಹೌದವ್ವ."

"ಅತ್ತಾಕಿ ಈಕಿ. ನಾ ಒಂದಿನಾನೂ ಅಳಲಿಲ್ಲ."

"ಇಲ್ಲ."

ಅವಳು ಹುಡುಗಿಯ ಕೈ ಬಿಟ್ಟಳು. "ಹುಬ್ಬಳ್ಳಿಗೆ ಗಾಡಿ ಎಷ್ಟೊತ್ತಿಗೈತ್ರಿ?" ಎಂದು ಕೇಳಿದಳು.

ನಾನು ಹೇಳಿ ಹೇಳಿ ಸೋತದ್ದನ್ನು ಒಂದು ಬೆಂಚು ಹೇಳಿಕೊಟ್ಟಿತ್ತು. ಡಾಕ್ಟರ ಕಡೆ ನೋಡಿದೆ. ಅವರು ಚೀಟಿ ಬರೆಯಲು ಕೂತಾಗಿತ್ತು.

ಹುಬ್ಬಳ್ಳಿಯಿಂದ ಅವಳು ಬಂದಾಗ ಕೈಗೆ ಪಟ್ಟಿ ಕಟ್ಟಿದ್ದರು, ಹೆಬ್ಬೆರಳು ಬಿಚ್ಚಿಕೊಂಡೇ ಇರುವಂತೆ. ಕೂರಿಸಿದ ಚರ್ಮ ಒಂದು ಮೂಲೆ ಬಿಟ್ಟು ಉಳಿದೆಲ್ಲ ಕಡೆ ಹಿಡಿದಿತ್ತು. ಪಟ್ಟಿ ತೆಗೆದ ಮೇಲೆ ಬೆರಳು ಅಗಲಿಸುವ ವ್ಯಾಯಾಮ ಶುರುವಾಯಿತು. ಇದನ್ನು ದಿನಾ ಮಾಡಿಸುವುದು ನನ್ನ ಕೆಲಸ. ನೋವಾದಾಗ ಅವಳು ನನ್ನ ವಂಶವನ್ನೆಲ್ಲ ಬೈದಳು, ನಾನೂ ಬಿಡಲಿಲ್ಲ. ಕೊನೆಗೆ ವ್ಯಾಯಾಮದ ಬದಲು ಮನೆಯಲ್ಲಿ ರೊಟ್ಟಿ ಬಡಿ, ಬೆರಳು ಪೂರ್ತಿ ಬಿಚ್ಚಿ ಬಡಿ, ಆದರೆ ಹಂಚಿನ ಹತ್ತಿರ ಎಡಗೈಯನ್ನೇ ಒಯ್ಯಿ ಎಂದೆ. ಅದು ಅವಳಿಗೆ ಒಗ್ಗಿತು. ಮೊದಲ ರೊಟ್ಟಿಗಳು ಯಾವ ದೇಶದ ನಕಾಶೆಯೋ ಎಂದು ಬಸಪ್ಪ ಗೇಲಿ ಮಾಡುತ್ತಿದ್ದನಂತೆ. ತಿಂಗಳು ಕಳೆದಂತೆ ದುಂಡಗಾದವು.

ಅವಳಿಗೆ ಒಂದು ಕೊರಗು ಮಾತ್ರ ಉಳಿಯಿತು. "ಇದು ನನ್ನ ಚರ್ಮ ಅನಸವಲ್ದರಿ ಅಕ್ಕಾರ. ಮುಟ್ಟಿದ್ರ ಗೊತ್ತ ಆಗಂಗಿಲ್ಲ. ತೊಡಿ ಚರ್ಮಕ್ಕ ಕೈಕೆಲಸ ಏನ್ ತಿಳಿತೈತಿ" ಎನ್ನುವಳು. ಕೂರಿಸಿದ ಚರ್ಮಕ್ಕೆ ನರಗಳು ಅಂಚಿನಿಂದಲೂ ಅಡಿಯಿಂದಲೂ ಮೆಲ್ಲಗೆ ಬೆಳೆಯುತ್ತವೆ, ವರ್ಷ ಹಿಡಿಯಬಹುದು, ಹೆಚ್ಚೂ ಹಿಡಿಯಬಹುದು, ಪೂರ್ತಿ ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಬಂದೇ ಬರುತ್ತದೆ ಎಂದು ಸುಳ್ಳು ಭರವಸೆ ಕೊಡಲು ನನಗೂ ಮನಸ್ಸಾಗಲಿಲ್ಲ. "ಅಲ್ಲೀತನಕ ಕಣ್ಣಿಲೆ ನೋಡಿ ಕೈ ಇಡು" ಎಂದೆ. ಕೆಲಸಕ್ಕೆ ಕೂತಾಗ ಹಿಂಗೈಗೆ ಬಟ್ಟೆ ಸುತ್ತಿಕೊಳ್ಳಬೇಕು ಎಂದು ಕಟ್ಟಪ್ಪಣೆ ಮಾಡಿದೆ.

ನನಗೆ ರಾಣೆಬೆನ್ನೂರಿಗೆ ವರ್ಗವಾಯಿತು. ಅಲ್ಲಿ ಹೊಸ ಹುಡುಗಿಯರಿಗೆ ಕಲಿಸುವ ಪಾಲು ನನಗೆ ಬಂತು. ಶಾರದಾ ಸಿಸ್ಟರಿನ ರೊಟ್ಟಿಯಿಂದ ಶುರು ಮಾಡಿ ಫಕ್ಕೀರವ್ವನ ಕೈಯಿಂದ ಮುಗಿಸುತ್ತಿದ್ದೆ. ಸುಟ್ಟವರು ನಾಲ್ಕು ಜನ ಒಟ್ಟಿಗೆ ಬಂದರೆ ಅಳುವವರನ್ನು ಸಮಾಧಾನ ಮಾಡಿ, ಆದರೆ ಸುಮ್ಮನೆ ಕೂತವರ ಬಟ್ಟೆಯನ್ನು ಮೊದಲು ಬಿಚ್ಚಿ ನೋಡಿ ಎನ್ನುತ್ತಿದ್ದೆ. ಜತೆಗೆ ಬಂದವರ ಕೈಯನ್ನೂ ನೋಡಿ. ಎಷ್ಟೋ ಸಲ ಎತ್ತಿಕೊಂಡು ಬಂದವರೇ ಹೆಚ್ಚು ಸುಟ್ಟಿರುತ್ತಾರೆ, ಬೆಂಕಿ ಆರಿಸಿದವರು ಅವರೇ ತಾನೆ. ಒಬ್ಬ ಹುಡುಗಿ ಇದನ್ನು ಕೇಳಿ, ಮರುವಾರವೇ ಮಗುವನ್ನು ಕರೆತಂದ ಅಜ್ಜನ ಅಂಗಿ ಬಿಚ್ಚಿಸಿ ಬೆನ್ನ ಮೇಲಿನ ಆಳವಾದ ಗಾಯ ಕಂಡುಹಿಡಿದಳು. ಅವತ್ತು ನನಗಾದ ಸಂತೋಷ ಯಾವ ಸನ್ಮಾನದಲ್ಲೂ ಆಗಲಿಲ್ಲ.

ಆಮೇಲೊಂದು ಸುಗ್ಗಿಯಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ಕೊಳ್ಳಲು ರಜೆ ಹಾಕಿ ಬ್ಯಾಡಗಿಗೆ ಹೋದೆ. ಯಾರ್ಡಿನಲ್ಲಿ ಕಣ್ಣು ಹಾಯಿಸಿದತ್ತ ಕೆಂಪು. ಸೀನುತ್ತ, ಮೂಗು ಒರೆಸಿಕೊಳ್ಳುತ್ತ ಹೋಗುತ್ತಿದ್ದಾಗ ಸಾಲಿನಿಂದ ದನಿ ಬಂತು: "ಏ ಅಕ್ಕಾರ, ಸೀನಿನ ಮ್ಯಾಲ ಗುರ್ತ ಹಿಡದ್ನಿ ನೋಡ್ರಿ."

ಫಕ್ಕೀರವ್ವ. ಮಾತಾ‌ಡುತ್ತಲೇ ತುಂಬು ಬಿಡಿಸುತ್ತಿದ್ದಳು. ನಾನು ಅವಳ ಮುಖಕ್ಕಿಂತ ಮೊದಲು ಹೆಬ್ಬೆರಳನ್ನು ನೋಡಿದೆ. ಬಿಚ್ಚಿಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು, ಪಕ್ಕದವರ ಕೈಯಷ್ಟೇ ಚುರುಕಾಗಿ. ನನಗೆ ಬಹಳ ಹಿತವೆನಿಸಿತು. ಆಮೇಲೆ ಕಂಡಿತು, ಹಿಂಗೈಗೆ ಬಟ್ಟೆ ಸುತ್ತಿರಲಿಲ್ಲ. ಕೂರಿಸಿದ ಚರ್ಮ ಬರಿದಾಗಿ, ಮೆಣಸಿನಕಾಯಿಯ ಪುಡಿ ಮೆತ್ತಿಕೊಂಡಿತ್ತು.

"ಬಟ್ಟಿ ಎಲ್ಲಿ? ನಾ ಏನು ಹೇಳಿದ್ನಿ ನಿನಗ?"

"ಬೈಬ್ಯಾಡ್ರಿ. ಇವತ್ತ ಬೇಕಂತ ಬಿಚ್ಚಿ ಇಟ್ಟೇನಿ." ಅವಳು ಕೆಲಸ ನಿಲ್ಲಿಸಿ ಕೈಯನ್ನು ನನ್ನ ಮುಂದೆ ಚಾಚಿದಳು. ಹೊಸ ಚರ್ಮದ ಅಂಚಿನಿಂದ ಒಳಕ್ಕೆ ಒಂದು ಕಡೆ ಎಡಗೈಯ ಬೆರಳಿಟ್ಟು ತೋರಿಸಿದಳು. "ನಿನ್ನೆ ಬಟ್ಟಿ ಜಾರಿತ್ತು. ಇಲ್ಲಿ ಚುರ್ ಅಂತು. ಸುಳ್ಳಿರಬೇಕು ಅಂದ್ಕೊಂಡ್ನಿ. ಇವತ್ತು ಮತ್ತ ನೋಡಾಕತ್ತೇನಿ. ಖರೇನ ಉರಿಯಾಕತ್ತೈತ್ರಿ ಅಕ್ಕಾರ. ನಂದಽ ಚರ್ಮ ಇದು."

ನನ್ನ ಕಣ್ಣು ತುಂಬಿ ಬಂತು. ಅವಳ ಎದುರು ಚೀಲದ ಮೇಲೆಯೇ ಕೂತುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು, ಉರಿ ಎಂಬ ಮಾತು ಕಿವಿಗೆ ಬಿದ್ದದ್ದೇ, ಔಡಲೆಣ್ಣೆಯ ಡಬ್ಬಿಯನ್ನು ಈಚೆ ಸರಿಸಿ "ಹಚ್ಗೊಳ್ಳಽ ಫಕ್ಕೀರವ್ವ" ಎಂದಳು.

ಫಕ್ಕೀರವ್ವ ಡಬ್ಬಿಯನ್ನು ಮೊಣಕೈಯಿಂದ ಅತ್ತ ದೂಡಿದಳು.

"ತಡಿಯವ್ವಾ. ಇನ್ನೊಂಚೂರು ಹೊತ್ತು ಉರೀಲಿ."